ಲೇಬಲ್ಲಿನ ಹಿಂಬದಿ

ಜುಗ್ದಿದಿಯ ಈ ಅಡುಗೆಮನೆಯಲ್ಲಿ ಮೂರು ದಿನದಿಂದ
ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ ತ್ಸಿಯಾಲ ಅತ್ತೆ.
ಕೆಂಪು ಮೆಣಸು, ಕೊತ್ತಂಬರಿ ಬೀಜ,
ನೀಲಿ ಹೂವಿನ ಮೆಂತ್ಯ, ಕಲ್ಲುಪ್ಪು,
ಅರೆದರೆ ಅಜಿಕಾ.
ಮೂಗಿಗೇರಿದರೆ ಸೀನು, ನಾಲಿಗೆಗಿಟ್ಟರೆ ಊರು.

ನನ್ನದು ಲ್ಯಾಪ್‌ಟಾಪಿನ ಕೆಲಸ.
ಗೋಡೆಯಿಲ್ಲದ ಅಂಗಡಿಯಲ್ಲಿ ಜಾಡಿ ಇಡಬೇಕು.
ರುಚಿ ಹೇಗೆಂದು ಆನ್‌ಲೈನ್ ಪೇಟೆ ಕೇಳಲಿಲ್ಲ;
ಖಾಲಿ ಚೌಕವೊಂದು ಕಣ್ಣು ಮಿಟುಕಿಸಿತು:
ಹದಿಮೂರು ಅಂಕಿ.

ಮೊದಲು ಅಗ್ಗಕ್ಕೆ ಬಿದ್ದೆ.
ಒಂದು ಊಟದ ದುಡ್ಡಿಗೆ ಹತ್ತು ನಂಬರು ಕೊಟ್ಟ, ಯಾರೋ ಒಬ್ಬ.
ಒತ್ತಿದೆ. ತೆರೆಯ ಮೇಲೆ ಬಂದದ್ದು
ಎಂದೋ ಬಾಗಿಲು ಹಾಕಿದ ಕಂಪನಿಯ ಹೆಸರು:
ಕೋಟಿನ ಗುಂಡಿ, ನಾಲ್ಕು ತೂತು, ಕಂದು ಬಣ್ಣ.
ಅತ್ತೆ ಕನ್ನಡಕ ಏರಿಸಿ ನೋಡಿದಳು.
"ಸತ್ತವರ ಬೀಗದ ಕೈ ಕೊಂಡಿದ್ದೀ.
ಬಾಗಿಲು ತೆರೆದರೂ ಮನೆ ನಮ್ಮದಲ್ಲ."
ಅವಳಿಗೆ ಗೊತ್ತು.
ತೊಂಬತ್ತಮೂರರಲ್ಲಿ, ಚಳಿ ಬೀಳುವ ಹೊತ್ತಿಗೆ
ಎಂಗುರಿ ಹೊಳೆ ದಾಟಿ ಬಂದವಳು,
ಮುಚ್ಚಿದ ಶಿಶುವಿಹಾರದ ಕೋಣೆಯಲ್ಲಿ ಹದಿನಾಲ್ಕು ವರ್ಷ
ಬೇರೆಯವರ ಮಕ್ಕಳು ಗೋಡೆಗೆ ಬರೆದ
ಬಾತುಕೋಳಿಗಳ ಕೆಳಗೆ ಮಲಗಿದವಳು.

ಸರಿ, ನೆಟ್ಟಗಿನ ದಾರಿ ಹಿಡಿದೆ.
ತಿಬಿಲಿಸಿಯ ಕಚೇರಿಗೆ ಅರ್ಜಿ, ವರ್ಷ ವರ್ಷ ಕಂದಾಯ,
ನಮ್ಮದೇ ಹೆಸರಿಗೆ ನಮ್ಮದೇ ನಂಬರು.
ಕೆಂಪಿಗೊಂದು, ಹಸಿರಿಗೊಂದು,
ಚಿಕ್ಕ ಜಾಡಿಗೊಂದಾದರೆ ದೊಡ್ಡದಕ್ಕೆ ಇನ್ನೊಂದು.
"ಒಂದೇ ಒರಳಲ್ಲಿ ಅರೆದದ್ದಕ್ಕೆ ಎರಡು ಹೆಸರೇ?"
ಅವಳಿ ಮಕ್ಕಳಿಗೂ ಎರಡಿಡುವುದಿಲ್ಲವೇ ಅತ್ತೆ.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಕೊನೆಯ ಅಂಕಿ ಮಾತ್ರ ಯಾರೂ ಕೊಡುವುದಲ್ಲ,
ಲೆಕ್ಕದ ಹೊಟ್ಟೆಯಿಂದ ಹುಟ್ಟುವುದು.
ಒಂದು ಬಿಟ್ಟು ಒಂದನ್ನು ಮೂರರಿಂದ ಗುಣಿಸು,
ಉಳಿದವನ್ನು ಇದ್ದ ಹಾಗೇ ಬಿಡು, ಎಲ್ಲ ಕೂಡು.
ಮೇಜಿನ ಮೇಲೆ ಚೆಲ್ಲಿದ ಉಪ್ಪಿನಲ್ಲಿ
ಬೆರಳಿಂದ ಬರೆದು ಕೂಡಿದಳು ಅತ್ತೆ:
ಎಪ್ಪತ್ತೊಂಬತ್ತು.
ಎಂಬತ್ತಕ್ಕೆ ಒಂದು ಕಡಿಮೆ. ಆ ಒಂದೇ ಹದಿಮೂರನೆಯದು.
ಹನ್ನೆರಡು ಮಂದಿಯಲ್ಲಿ ಒಬ್ಬ ತಪ್ಪು ಹೆಸರು ಹೇಳಿದರೂ
ಮೂಲೆಯಿಂದ ಕೆಮ್ಮುವ ಮುದುಕ.
ಹಸಿರಿಗೆ ಎಂಬತ್ತೆರಡು ಬಂತು.
"ಎಂಟು" ಅಂದಳು, ನಾನು ಬಾಯಿ ತೆರೆಯುವ ಮೊದಲೇ.
ಹಾಲಿನ ಲೆಕ್ಕ ಬರೆದ ಕೈ ಅದು.

ಆಮೇಲೆ ಹಟ, ಗೆರೆಗಳು ಕೆಂಪಗಿರಲಿ ಎಂದು,
ಮೆಣಸಿಗೆ ಒಪ್ಪುವ ಹಾಗೆ.
ಅಚ್ಚು ಹಾಕಿಸಿ ತಂದೆ. ಡಿಪೋದ ಯಂತ್ರ
ಹೊರಳಿಸಿ ಹೊರಳಿಸಿ ಹಿಡಿದರೂ ಮೂಕ.
ಅದರ ಬೆಳಕೂ ಕೆಂಪು;
ಕೆಂಪು ಬೆಳಕಿಗೆ ಕೆಂಪು ಗೆರೆ ಬರೀ ಬಿಳಿ.
"ಅತ್ತ ಕಣ್ಣಿಗೂ ಹಾಗೇ" ಎಂದು
ಕಪ್ಪಿಗೆ ಒಪ್ಪಿದಳು.

ಉಳಿದದ್ದು ಗೆರೆಯ ಪಕ್ಕದ ಜಾಗ.
"ಇಲ್ಲಿ ಓಕುಮಿ ಅಂತ ಬರೆ. ನಮ್ಮೂರು."
ಆಗದು ಅತ್ತೆ, ಎರಡೂ ಕಡೆ ಖಾಲಿ ಬಿಡಬೇಕು,
ಎಲ್ಲಿ ಶುರು, ಎಲ್ಲಿ ಕೊನೆ ಎಂದು ಯಂತ್ರಕ್ಕೆ ತಿಳಿಯಲು.
"ಈ ಮೊದಲ ಮೂರು? ನಾಲ್ಕು, ಎಂಟು, ಆರು?
ಎಲ್ಲಿಯದೆಂದು ಅದು ಹೇಳುತ್ತದಾ?"
ಇಲ್ಲ. ನಂಬರು ಎಲ್ಲಿ ಕೊಟ್ಟರೆಂದಷ್ಟೇ.
ಹುಟ್ಟಿದ್ದೆಲ್ಲೆಂದು ಅದಕ್ಕೆ ಗೊತ್ತಿಲ್ಲ.

ಒರಳು ನಿಂತಿತು.
ಪರ್ಸಿನಿಂದ ನಿರಾಶ್ರಿತರ ಚೀಟಿ ತೆಗೆದು
ಅದರ ನಂಬರನ್ನೊಮ್ಮೆ ಓದಿಕೊಂಡಳು,
ಮಡಚಿ ಇಟ್ಟಳು.

ನಿನ್ನೆ ಮೊದಲ ಪೆಟ್ಟಿಗೆ ರೀಗಾಕ್ಕೆ ಹೋಯಿತು, ನಲವತ್ತು ಜಾಡಿ.
ಬೀಪ್, ಬೀಪ್, ಒಂದೂ ತಪ್ಪಲಿಲ್ಲ.
ಹಿಂದಿನ ರಾತ್ರಿ ನೀರಿಗೆದ್ದವಳು ನೋಡಿದ್ದೆ:
ಲೇಬಲ್ಲುಗಳನ್ನು ಬೋರಲು ಹಾಕಿಕೊಂಡು
ಅಂಟು ಹಚ್ಚುವ ಮೊದಲು, ಒಂದೊಂದರ ಬೆನ್ನಿಗೂ
ಪೆನ್ಸಿಲ್ಲಿನಿಂದ ಊರ ಹೆಸರು ಬರೆಯುತ್ತಿದ್ದಳು.

ಜಾಡಿ ತುಂಬಿರುವಷ್ಟು ದಿನ ಅದು ಕಾಣದು.
ಕೊನೆಯ ಚಮಚ ಬಳಿದವರಿಗೆ,
ಗಾಜಿನ ಒಳಗಿನಿಂದ.