ಹೊಟ್ಟೆಗೆ ಹಾಕಿಕೊಂಡವರು

ಟೋರ್ಸ್‌ಹಾವ್ನ್ ಆಸ್ಪತ್ರೆಯಲ್ಲಿ ಡಾಕ್ಟರ್ ತ್ರೋಂಡುರ್
ಪರದೆಯನ್ನು ನನ್ನ ಕಡೆ ತಿರುಗಿಸಿದರು.
ನೇರಳೆಯಲ್ಲಿ, ಗುಲಾಬಿಯಲ್ಲಿ ಅದ್ದಿ ತೆಗೆದ
ನನ್ನದೇ ದೊಡ್ಡಕರುಳು,
ಮೀನಿನ ಕಣ್ಣಿಗಿಂತ ಚಿಕ್ಕ ಚೂರು.
"ಇದು ಮಾರ್ಚ್ ತಿಂಗಳದ್ದು, ರನ್‌ವಾ. ಇವರು ಸೈನಿಕರು.
ಶತ್ರುವೇ ಇಲ್ಲದ ಕಡೆ ಯುದ್ಧ ಹೂಡಿದ್ದಾರೆ."

ಸೈನಿಕರನ್ನು ನಾನು ಕಂಡವಳಲ್ಲ.
ನಮ್ಮ ದ್ವೀಪಗಳಿಗೆ ಸೈನ್ಯವೇ ಇಲ್ಲ. ಇರುವುದು ಪಾಳಿ.
ಕ್ಲಾಕ್ಸ್‌ವೀಕ್‌ನ ಮೀನು ಕಾರ್ಖಾನೆಯಲ್ಲಿ
ಹಗಲಿನವರು ಕೊಯ್ಯುತ್ತಾರೆ,
ರಾತ್ರಿ ಹತ್ತಕ್ಕೆ ನಾವು ಆರು ಜನ
ಉದ್ದನೆ ಬೂಟು ಹಾಕಿಕೊಂಡು ಒಳಗೆ ಹೋಗುತ್ತೇವೆ.
ತಲೆ, ಕಿವಿರು, ಪೊರೆ,
ಬೆಲ್ಟಿನ ಅಡಿಯಲ್ಲಿ ಹೆಪ್ಪುಗಟ್ಟಿದ ರಕ್ತ.
ಒಂದು ರಾತ್ರಿ ನಾವು ಬರದಿದ್ದರೆ
ಬೆಳಗಿನ ಹೊತ್ತಿಗೆ ಮೂಗು ಬಿಡಲಾಗದು.

ಅದಕ್ಕೇ ಕೇಳಿದೆ: "ತೊಳೆಯುವವರು ಎಲ್ಲಿ?"

ತ್ರೋಂಡುರ್ ಕನ್ನಡಕ ತೆಗೆದು ಒರೆಸಿದರು.
ಆಮೇಲೆ ಎರಡನೆಯ ಚಿತ್ರ, ಸೆಪ್ಟೆಂಬರಿನದು.

ಮೊದಲು ನುಗ್ಗುವ ಬಿಳಿಕಣಗಳಿಗೆ ಆಯುಸ್ಸು ಕಡಿಮೆಯಂತೆ,
ಒಂದೋ ಎರಡೋ ದಿನ.
ಕೆಂಡ ಉಗುಳಿ ಅಲ್ಲೇ ಬೀಳುತ್ತವಂತೆ.
ಬಿದ್ದದ್ದನ್ನು ಹಾಗೇ ಬಿಟ್ಟರೆ ಒಡೆಯುತ್ತದೆ,
ಒಳಗಿನದೆಲ್ಲ ಚೆಲ್ಲಿ ಮತ್ತೆ ಉರಿ.
ಆಗ ಬರುತ್ತದೆ ದಪ್ಪ ಮೈಯ ಒಂದು ಕೋಶ,
ಅವಸರವಿಲ್ಲದೆ,
ಮ್ಯಾಕ್ರೋಫೇಜ್ ಅಂತ ಹೆಸರು, ಶುದ್ಧ ಹೊಟ್ಟೆಬಾಕ.
ಸಾಯುವ ಕಣ ತನ್ನ ಮೈಮೇಲೆ
"ನನ್ನನ್ನು ತಿನ್ನು" ಎಂಬ ಗುರುತು ತೋರಿಸುತ್ತದೆ.
ಬಾಯಿಲ್ಲದ ಇದು ಸುತ್ತಲಿಂದ ತಬ್ಬಿ
ಇಡಿಯಾಗಿ ಒಳಗೆಳೆದುಕೊಳ್ಳುತ್ತದೆ,
ಒಂದು ಹನಿ ಹೊರಗೆ ಬೀಳದ ಹಾಗೆ.

ತಿಂದದ್ದೇ ತಡ, ಅದರ ಗುಣ ಬೇರೆ.
ನಿನ್ನೆಯವರೆಗೆ ಕೂಗಿ ಜನ ಸೇರಿಸುತ್ತಿದ್ದದ್ದು
ದನಿ ತಗ್ಗಿಸುತ್ತದೆ:
ಸಾಕು, ಇನ್ನು ಯಾರೂ ಬರಬೇಡಿ.
ಹರಿದ ಅಂಚಿಗೆ ಹೆಣೆಯುವವರನ್ನು ಕರೆಯುತ್ತದೆ.

"ಪೂರ್ತಿ ಗುಣವಾಯಿತು ಅನ್ನಲಾರೆ," ಅಂದರು ತ್ರೋಂಡುರ್.
"ನೋಡಿ, ಈ ಮೂಲೆಯಲ್ಲಿ ಇನ್ನೂ ಗುಂಪು ಚೆದುರಿಲ್ಲ."

ಕಡಲಡಿಯ ಸುರಂಗದಲ್ಲಿ ಕಾರು ಓಡಿಸುತ್ತಾ
ಅಕ್ಕ ಮಾರ್ಯುನ್ ನೆನಪಾದಳು.
ಹದಿನೇಳು ಕುರಿಗಳ ಪಾಲಿಗಾಗಿ
ಎರಡು ಚಳಿಗಾಲ ಮಾತು ಬಿಟ್ಟಿದ್ದೇವೆ.
ಹೊಟ್ಟೆಯ ಕಿಚ್ಚು ನನಗೆ ಎರಡು ಬಗೆ,
ಒಂದಕ್ಕೆ ಮಾತ್ರ ತ್ರೋಂಡುರ್ ಮಾತ್ರೆ ಬರೆದಿದ್ದಾರೆ.

ಹೊಟ್ಟೆಗೆ ಹಾಕಿಕೊಳ್ಳುವುದಕ್ಕೆ
ದೊಡ್ಡ ಮನಸ್ಸು ಬೇಕು ಅಂತಿದ್ದರು ಹಿರಿಯರು.
ಆ ನೇರಳೆ ಚುಕ್ಕೆಗೆ ಎಲ್ಲಿಯ ಮನಸ್ಸು?
ಅದಕ್ಕೆ ಗೊತ್ತಿರುವುದು ತನ್ನ ಪಾಳಿ:
ಸತ್ತದ್ದನ್ನು ಕೊಳೆಯುವ ಮುಂಚೆ ಎತ್ತು,
ಒಳಗಿಟ್ಟುಕೊಂಡು ಕರಗಿಸು,
ಕರಗುವಾಗ ನೀನೂ ಸ್ವಲ್ಪ ಬದಲಾಗು.

ಬಾಗಿಲ ಹಿಡಿಗೆ ಒಂದು ಚೀಲ ಸಿಕ್ಕಿಸಿತ್ತು.
ಗಾಳಿಯಲ್ಲಿ ಒಣಗಿಸಿದ ಮಾಂಸ. ಚೀಟಿ ಇಲ್ಲ.
ಗಂಟು ಮಾತ್ರ ಅವಳದೇ, ಎಡಗೈಯದು.
ಆ ಹದಿನೇಳರಲ್ಲಿ ಯಾವ ಕುರಿಯೋ.

ಬೂಟು ಬಿಚ್ಚದೆ ನಿಂತು,
ಬೆಳಕು ತೂರುವಷ್ಟು ತೆಳ್ಳಗೆ
ಒಂದು ಎಳೆ ಕೊಯ್ದೆ.
ಉಪ್ಪುಗಾಳಿ, ಉಣ್ಣೆ, ತುಸು ಕಹಿ.
ನುಂಗಿಲ್ಲ ಇನ್ನೂ.
ಅಗಿಯುತ್ತಿದ್ದೇನೆ.