ರಾತ್ರಿ ಹಾಜರಿ

ಝುವಾರಿನಗರದ ನಮ್ಮ ಕನ್ನಡ ಶಾಲೆಯಲ್ಲಿ
ನಾಲ್ಕನೇ ತರಗತಿಗೆ ಇಪ್ಪತ್ತಾರು ಮಕ್ಕಳು,
ವಾಟ್ಸಾಪ್ ಗುಂಪಿನಲ್ಲಿ ಹದಿನಾಲ್ಕು ನಂಬರು.
ಉಳಿದ ಹನ್ನೆರಡು ಮಂದಿ
ಪಕ್ಕದ ಮನೆಯ ಫೋನಿನಲ್ಲಿ ಒಕ್ಕಲು.

ಹಗಲೆಲ್ಲ ಗುಂಪು ಮಲಗಿರುತ್ತದೆ.
ಫೋನುಗಳು ಅಪ್ಪಂದಿರ ಜೇಬಿನಲ್ಲಿ,
ಸೆಂಟ್ರಿಂಗ್ ಹಲಗೆಯ ಮೇಲೆ, ಬಂದರದ ಕಲ್ಲಿದ್ದಲ ಧೂಳಿನಲ್ಲಿ.
ಬೆಳಿಗ್ಗೆ ಹುಲಿಗೆಪ್ಪನ ಚಿಕ್ಕಪ್ಪ ತಪ್ಪದೆ ಕಳಿಸುವ
ಗುಲಾಬಿ ಹೂವಿನ ಶುಭೋದಯ ಬಿಟ್ಟರೆ
ಯಾರದೂ ಸದ್ದಿಲ್ಲ.

ಒಂಬತ್ತೂವರೆಗೆ ಅಪ್ಪಂದಿರು ಕೈಕಾಲು ತೊಳೆಯುತ್ತಾರೆ.
ಆಗ ಶುರು. ಟಿಣ್. ಟಿಣ್.
ಒಂದು ಪುಟ ಓದಿ ಕಳಿಸಿ ಎಂದಿರುತ್ತೇನೆ.

ಓದು ಬರುತ್ತದೆ. ಒಂಟಿಯಾಗಿ ಬರುವುದಿಲ್ಲ.
ಹನಮವ್ವನ ವಾಕ್ಯಗಳಿಗೆ
ಕುಕ್ಕರಿನ ಸೀಟಿಯೇ ಪೂರ್ಣವಿರಾಮ.
ದಾವಲಸಾಬ ಎರಡನೇ ಪ್ಯಾರಾಕ್ಕೆ ಬರುವುದಕ್ಕೂ
ಗೂಡ್ಸ್ ಗಾಡಿ ಹಾಯುವುದಕ್ಕೂ ಸರಿಹೋಗುತ್ತದೆ;
ಕೊನೆಯ ಡಬ್ಬಿ ದಾಟುವ ತನಕ ಉಸಿರು ಹಿಡಿದು ನಿಂತು
ಬಿಟ್ಟ ಅಕ್ಷರದಿಂದಲೇ ಮತ್ತೆ ಹೊರಡುತ್ತಾನೆ.
‘ಅಕ್ಕೋರ, ಇಕಿ ಓದಾಕತ್ತಿಲ್ರಿ, ಬಾಯಿಪಾಠ ಒಪ್ಪಸಾಕತ್ತಾಳ’
ಎಂದು ನಡುವೆ ಬಾಯಿ ಹಾಕಿದವಳು
ಮಲ್ಲಮ್ಮನ ತಾಯಿ. ಅಕ್ಷರ ಬಾರದು ಅವಳಿಗೆ.
ಮಗಳ ಕಣ್ಣು ಪುಟದ ಮೇಲೆ ಇರಲಿಲ್ಲವಂತೆ.

ಆರು ವರ್ಷ ಇಲ್ಲಿ ಪಾಠ ಮಾಡಿದ್ದೇನೆ.
ಮನೆಭೇಟಿಯ ರಿಜಿಸ್ಟರನ್ನು, ಹೇಳಿಬಿಡುತ್ತೇನೆ,
ವಾಸ್ಕೋ ಬಸ್ಸಿನಲ್ಲಿ ಕೂತು ತುಂಬಿಸಿದ್ದೇನೆ.
ಈಗ ಗೊತ್ತು ಯಾರದು ತಗಡಿನ ಮಾಡು,
ಯಾರ ಅಜ್ಜನಿಗೆ ಬಿಡದ ಕೆಮ್ಮು,
ಯಾವ ಮನೆಯಲ್ಲಿ ಓದು ನಿಲ್ಲುವ ಮೊದಲೇ
ಫೋನು ಕಿತ್ತುಕೊಳ್ಳುವ ಕೈ.

ಜನವರಿಯಿಂದ ಬಸಲಿಂಗ ಬಂದಿಲ್ಲ.
ಕಟ್ಟಡ ಎದ್ದಿತು, ಅದರ ಬುಡದ ಶೆಡ್ಡು ಬಿತ್ತು.
ಅವನ ಅಪ್ಪನ ನಂಬರು ಗುಂಪಿನಲ್ಲೇ ಇತ್ತು,
ಏನು ಕಳಿಸಿದರೂ ತಲುಪದ ಊರಿನಂತೆ.
ಮಾರ್ಚಿನ ಒಂದು ರಾತ್ರಿ
ನೋಡಿದವರ ಪಟ್ಟಿಯಲ್ಲಿ ಅದೂ ಕಂಡಿತು.
‘ಬಸಲಿಂಗಾ?’ ಬೆರಳು ನಡುಗಿ ಎರಡು ಸಲ ತಪ್ಪಿದೆ.
ಹಿಂದಿಯಲ್ಲಿ ಉತ್ತರ ಬಂತು:
ಅವರು ಫೋನನ್ನು ಸಿಮ್ಮಿನ ಸಮೇತ ಮಾರಿ ಹೋದರು, ಮೇಡಂ.
ಎಲ್ಲಿಗೋ ತಿಳಿಯದು. ನಾನು ಗುಮ್ಲಾದವನು, ಪೇಂಟರು.
ಮಕ್ಕಳು ಓದುವುದು ಕೇಳಿಸುತ್ತದೆ, ಅರ್ಥವಾಗುವುದಿಲ್ಲ.
ಇರಲಿ ಬಿಡಿ, ಚೆನ್ನಾಗಿದೆ.

ಹೊರಗಿನವರು ಒಬ್ಬರೂ ಇರಕೂಡದು, ಎಂದರು ಹೆಡ್‌ಮಾಸ್ತರು,
ಮಕ್ಕಳ ದನಿ ಇದೆ ಅದರಲ್ಲಿ.
ಸರಿಯಾದ ಮಾತು. ನಾನೂ ಅದನ್ನೇ ಹೇಳುತ್ತಿದ್ದೆ.
ಒತ್ತಿದೆ.
ತೆಗೆದುಹಾಕಿದ್ದೀರಿ ಎಂದಿತು ಬೂದು ಅಕ್ಷರ.
ಯಾರನ್ನು, ಎಂದು ಕೇಳಲು ಯಾರಿದ್ದರು?

ಮೇಲೆ, ಬಹಳ ಮೇಲೆ, ಬೆರಳು ನೋಯುವಷ್ಟು ಎಳೆದರೆ
ಅವನ ಹದಿನೇಳು ಸೆಕೆಂಡು ಇನ್ನೂ ಇದೆ.
ಹಿಂದೆ ಕಾಂಕ್ರೀಟು ಕಲಸುವ ಯಂತ್ರ.
‘ಉಳದಿದ್ದು ನಾಳಿಗಿ ಓದ್ತೀನ್ರಿ.’

ಹಾಜರಿ ಪುಸ್ತಕದಿಂದ ಹೆಸರು ಹೊಡೆದಿಲ್ಲ.
ಅವನ ಟಿಸಿ ಬೇಕೆಂದು
ಯಾವ ಊರಿನ ಯಾವ ಶಾಲೆಯೂ ಕಾಗದ ಬರೆದಿಲ್ಲ.

ಹತ್ತು ಗಂಟೆ. ಟಿಣ್.
ಎರಡನೇ ಪ್ಯಾರಾ. ಗಾಡಿ ಬಂತು.
ದಾವಲಸಾಬ ಉಸಿರು ಹಿಡಿದಿದ್ದಾನೆ.
ನಾನು ಡಬ್ಬಿ ಎಣಿಸುತ್ತೇನೆ.