ನಾಲ್ಕು ನಿಮಿಷ

ಈ ಶಾಲೆಯಲ್ಲಿ ನನ್ನ ಬಳಿ ಇಪ್ಪತ್ತಾರು ಬೀಗದ ಕೈಗಳಿವೆ.
ಬಾಯ್ಲರ್ ಕೋಣೆಯದು, ಸೀಮೆಸುಣ್ಣದ ಕಪಾಟಿನದು,
ಯಾರೂ ಹತ್ತದ ಅಟ್ಟದ್ದು,
ಯಾವ ಬಾಗಿಲಿನದೆಂದು ಮರೆತೇ ಹೋದ ಇನ್ನೊಂದು.
ಆ ಹಳದಿ ಡಬ್ಬಿಗೆ ಬೀಗವೇ ಇಲ್ಲ.
ಆದರೂ ನಾನದನ್ನು ತೆರೆಯುವಂತಿಲ್ಲ.
ಹಾಗೆಂದು ಕಚೇರಿಯ ಕಾಗದ,
ಮೂರು ಮೊಹರು, ಕೆಳಗೆ ನನ್ನದೇ ರುಜು:

ನೆಲ ಒರೆಸು, ಗಂಟೆ ಹೊಡಿ, ಬಿದ್ದ ಮಗುವನ್ನೆತ್ತು.
ಔಷಧಿ ಮುಟ್ಟಬೇಡ.

ಡಬ್ಬಿ ಗವೀನಾಳದು. ಮೂರನೇ ತರಗತಿ.
ಕಳೆದ ಚಳಿಗಾಲ ಇದ್ದಕ್ಕಿದ್ದಂತೆ ಒಣಗತೊಡಗಿದಳು.
ನಲ್ಲಿಗೆ ಬಾಯಿಟ್ಟರೆ ಬಿಡಳು,
ಪಾಠದ ನಡುವೆ ನಾಲ್ಕು ಸಲ ಬಚ್ಚಲಿಗೆ ಓಟ.
ರಕ್ತದ ತುಂಬ ಸಕ್ಕರೆ, ಮೈಯೆಲ್ಲ ಬಾಯಾರಿಕೆ,
ನಮಗೇನು ಗೊತ್ತು.
ನಾನೇ ಗದರಿದ್ದೆ, ಒರೆಸಿದ ನೆಲ ತುಳಿದಳೆಂದು.
ಆ ಮಾತು ಇನ್ನೂ ನನ್ನ ಗಂಟಲಲ್ಲಿ, ಮೀನಿನ ಮುಳ್ಳು.

ನಮ್ಮ ಸಾರ್ಡಿನಿಯಾಕ್ಕೆ ಇದು ಹೊಸತಲ್ಲ.
ರಕ್ತದಲ್ಲೇ ಬಂದದ್ದೆನ್ನುತ್ತಾರೆ
ನುವೊರೊದ ದೊಡ್ಡಾಸ್ಪತ್ರೆಯವರು.
ಅಜ್ಜಿಯರು ಮಾತ್ರ ಕಣ್ಣು ಬಿದ್ದಿದೆಯೆಂದು
ನೀರಿಗೆ ಗೋಧಿಕಾಳು ಬಿಟ್ಟು ನೋಡುತ್ತಾರೆ.

ಹನ್ನೆರಡೂವರೆಗೆ ತಾಯಿ ಬರುತ್ತಾಳೆ, ಆಸ್ಸುಂತಾ.
ಇದಕ್ಕೆಂದೇ ಚೀಸ್ ಡೈರಿಯ ಕೆಲಸ ಬಿಟ್ಟಳು.
ಕೋಟಿಗೆ ಹತ್ತಿದ ಹಾಲಿನ ಹುಳಿ ವಾಸನೆ
ಇನ್ನೂ ಪೂರ್ತಿ ಹೋಗಿಲ್ಲ.
ಮಗಳ ತೋಳು, ಹೊಟ್ಟೆ, ತೊಡೆ, ಸರದಿಯ ಮೇಲೆ
ಒಂದು ಚುಚ್ಚು. ಆಮೇಲೆ ಊಟ.
ಕುರಿ ಕಾಯುವವರ ಹೆಗಲ ಚೀಲದಲ್ಲಿ
ತಿಂಗಳುಗಟ್ಟಲೆ ಬೆಟ್ಟ ಸುತ್ತುತ್ತಿದ್ದ
ಹಾಳೆಯಷ್ಟು ತೆಳು ರೊಟ್ಟಿ
ಈಗ ತಟ್ಟೆಗಿಂತ ಮೊದಲು ತಕ್ಕಡಿ ಹತ್ತುತ್ತದೆ.

ತಾಯಿಗೆ ಜ್ವರ ಬಂದರೆ ಮಗಳು ಗೈರು.
ಕಾರು ಕೆಟ್ಟರೆ ಗೈರು.
ಪ್ರವಾಸದ ದಿನ ಗೈರು: ಬಸ್ಸಿನಲ್ಲಿ ಸೂಜಿಗೆ ಯಾರು ಹೊಣೆ?
ಹೋಗಿಬಂದವರು ಅವಳಿಗೊಂದು ಶಂಖ ತಂದುಕೊಟ್ಟರು.
ಗವೀನಾ ಅದನ್ನು ಕಿವಿಗೆ ಹಿಡಿಯಲಿಲ್ಲ.
ಮನೆಗೆ ಕಾಗದ ಹೋಯಿತು,
ಇನ್ನೆಷ್ಟು ದಿನ ತಪ್ಪಿದರೆ
ಅದೇ ತರಗತಿ ಮತ್ತೊಂದು ವರ್ಷ ಎಂದು.
ಲೆಕ್ಕ ಸರಿಯಾಗಿತ್ತು.
ಕಚೇರಿಯ ಲೆಕ್ಕ ಯಾವಾಗಲೂ ಸರಿಯಾಗಿರುತ್ತದೆ.

ಫೆಬ್ರವರಿಯಲ್ಲಿ ಹಿಮ. ಮೇಲಿನ ತಿರುವಿನಲ್ಲಿ ಲಾರಿ ಅಡ್ಡ.
ಹನ್ನೆರಡೂವರೆ. ಗೇಟಿನಲ್ಲಿ ಯಾರೂ ಇಲ್ಲ.
ಒಳಗೆ ಮಕ್ಕಳು ಚಮಚ ಬಡಿಯುತ್ತಿದ್ದರು.
ಗವೀನಾ ಡಬ್ಬಿ ತಂದು
ನನ್ನ ಬಕೀಟಿನ ಪಕ್ಕ ಕೂತಳು.
‘ನನಗೇ ಬರುತ್ತದೆ, ಬೊನಾರಿಯಾ ಚಿಕ್ಕಮ್ಮ,
ನೀನು ಅಂಕಿ ಮಾತ್ರ ಓದು.’
ಪೆನ್ನಿನ ಪುಟ್ಟ ಕಿಟಕಿಯಲ್ಲಿ ಐದು.
ಕನ್ನಡಕ ಹಾಕಿಕೊಂಡು ಓದಿದೆ, ಐದು.
ಅಂಗಿ ಎತ್ತಿ ಹಿಡಿ ಎಂದಳು. ಹಿಡಿದೆ.
ಔಷಧಿ ಮುಟ್ಟಲಿಲ್ಲ ನಾನು, ದೇವರಾಣೆ,
ಮುಟ್ಟಿದ್ದು ಬರೀ ಅಂಗಿ.
ಸೂಜಿ ಒಳಗಿರುವಾಗ ಹತ್ತು ಎಣಿಸಬೇಕಂತೆ.
ಎಣಿಸಿದೆವು ಇಬ್ಬರೂ,
ಶಾಲೆಯ ಭಾಷೆಯಲ್ಲಲ್ಲ,
ಸಂಜೆ ದೊಡ್ಡಿಯ ಬಾಗಿಲಲ್ಲಿ ಕುರಿ ಎಣಿಸುವ ಮಾತಲ್ಲಿ,
ಉನು, ದುವೊಸ್, ತ್ರೆಸ್,
ಒಂದೂ ತಪ್ಪಿಸಿಕೊಳ್ಳದಂತೆ.

ಆಮೇಲೆ ಉಂಡಳು, ನಿಧಾನ, ಎಲ್ಲರಿಗಿಂತ ಕೊನೆಗೆ.
ಗಂಟೆಯ ಹೊತ್ತು ಬಂತು, ಮೀರಿತು.
ನನ್ನ ಬೆರಳು ಗುಂಡಿಯ ಮೇಲೇ ಇತ್ತು.
ಇಡೀ ಶಾಲೆ, ಮುಖ್ಯೋಪಾಧ್ಯಾಯಿನಿ,
ಭೂಪಟ, ಏಳರ ಮಗ್ಗಿ,
ಒಂದು ಹುಡುಗಿಯ ಕೊನೆಯ ತುತ್ತಿಗೆ
ನಾಲ್ಕು ನಿಮಿಷ ಕಾದವು, ತಮಗೇ ತಿಳಿಯದೆ.
ಗಡಿಯಾರ ಹಿಂದೆ ಬಿದ್ದಿದೆಯೆಂದು ದೂರು ಬರೆದಿಟ್ಟೆ.

ಒಂದೂವರೆಗೆ ಆಸ್ಸುಂತಾ ಓಡಿಬಂದಳು,
ಮೊಣಕಾಲಿನವರೆಗೂ ಹಿಮ, ಮಾತು ಹೊರಡದು.
ಬಾಗಿಲ ಗಾಜಿನಲ್ಲಿ ತೋರಿಸಿದೆ:
ಮಗಳ ಬೆನ್ನು, ಸಡಿಲಾದ ಜಡೆ,
ಮೇಲೆತ್ತಿದ ಕೈ, ಏನೋ ಕೇಳುವುದಿದೆ ಅವಳಿಗೆ.
ಅವಳು ಅಲ್ಲೇ ನಿಂತಳು, ತುಂಬ ಹೊತ್ತು.
ಈಗಷ್ಟೇ ಒರೆಸಿದ ನೆಲದ ಮೇಲೆ
ಅವಳ ಬೂಟಿನ ಹಿಮ ಕರಗಿ ಕೆಸರಾಗುತ್ತಿತ್ತು.
ಒರೆಸುವ ಕೋಲನ್ನು
ಗೋಡೆಗೆ ಒರಗಿಸಿಯೇ ಇಟ್ಟೆ.